ಬ್ಯಾರನ್ ಕಿಂಡಿಗೆ ಹಿಡಿದ ಫೋನು

ಥರ್ಮಾಮೀಟರ್ ಓದಬೇಕು ಎಂದು ಕೇಳಿಕೊಂಡು ನಮ್ಮ ಕೇಂದ್ರಕ್ಕೆ ಬಂದವರು ಇವತ್ತಿಗೂ ಅವರೊಬ್ಬರೇ.

ಹುಣಸೂರಿನ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ಸಿಗುವ ಚಿಕ್ಕ ಕಣ್ಣಿನ ಕೇಂದ್ರವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಆಪರೇಷನ್ನಿಗೂ ಬಗ್ಗದ, ಕನ್ನಡಕಕ್ಕೂ ಬಗ್ಗದ ಕಣ್ಣುಗಳೆಲ್ಲ ಕೊನೆಗೆ ನನ್ನ ಪಾಲಿಗೆ ಬರುತ್ತವೆ. ಡಾಕ್ಟರು ಇನ್ನು ತಮ್ಮಿಂದ ಆಗುವುದೇನಿಲ್ಲ ಎಂದು ಚೀಟಿ ಬರೆದು ಪಕ್ಕದ ಕೋಣೆಗೆ ಕಳಿಸುತ್ತಾರೆ. ಆ ಕೋಣೆಯಲ್ಲಿ ನಾನಿರುತ್ತೇನೆ. ಉಳಿದಿರುವ ಅಷ್ಟಿಷ್ಟು ನೋಟದಲ್ಲಿಯೇ ಓದುವುದು, ಬರೆಯುವುದು, ಅಕ್ಕಿ ಆರಿಸುವುದು ಹೇಗೆಂದು ಹೇಳಿಕೊಡುವುದು ನನ್ನ ಕೆಲಸ. ಮೊದಲು ಭೂತಗನ್ನಡಿಗಳನ್ನು ಕೊಡುತ್ತಿದ್ದೆವು. ಈಗ ಹೆಚ್ಚಿನವರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಕ್ಯಾಮೆರಾದ ಮುಂದೆ ಹಿಡಿದದ್ದನ್ನು ದೊಡ್ಡದಾಗಿ ತೋರಿಸುವ ಆ್ಯಪ್ ಪುಕ್ಕಟೆ ಸಿಗುತ್ತದೆ. ಅದನ್ನು ಹಾಕಿಕೊಟ್ಟು, ಬೆರಳಿಗೆ ರೂಢಿ ಮಾಡಿಸಿ ಕಳಿಸುತ್ತೇನೆ.

ಏನು ಓದಬೇಕು ಎಂದು ಎಲ್ಲರನ್ನೂ ಮೊದಲು ಕೇಳುತ್ತೇನೆ. ಕೆ.ಆರ್. ನಗರದ ಕಡೆಯ ಒಬ್ಬ ಹಿರಿಯರಿಗೆ ಮೊಮ್ಮಗಳ ಲಗ್ನಪತ್ರಿಕೆಯಲ್ಲಿ ತಮ್ಮ ಹೆಸರು ಬೀಗರ ಹೆಸರಿಗಿಂತ ಮೇಲಿದೆಯೋ ಕೆಳಗಿದೆಯೋ ಎಂದು ನೋಡಬೇಕಿತ್ತು. ಎಚ್.ಡಿ. ಕೋಟೆಯಿಂದ ಬಂದ ಇನ್ನೊಬ್ಬರಿಗೆ ಇಸ್ಪೀಟು ಎಲೆ ಕಾಣಬೇಕಿತ್ತು, ಹೆಂಡತಿ ಜೊತೆಗಿದ್ದುದರಿಂದ ಪಂಚಾಂಗ ಎಂದರು. ಈ ಹೆಂಗಸು ಮಾತ್ರ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಟ್ಟರು.

"ತರ್ಮಾಮೀಟ್ರು ಕಾಣ್ಬೇಕು ಮೇಡಂ. ಬ್ಯಾರೆ ಏನೂ ಬ್ಯಾಡ."

"ಜ್ವರ ನೋಡೋದಾ ಅಮ್ಮ?"

"ಜ್ವರ ನಂಗ್ಯಾಕ್ ಬತ್ತದೆ. ಬ್ಯಾರನ್‌ದು ಕಣವ್ವ. ಒಳಗ್ ನ್ಯಾತಾಕಿರ್ತೀವಲ್ಲ, ಅದು."

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ರಾವಂದೂರಿನ ಆಚೆ ಅವರ ಊರು. ಹೊಗೆಸೊಪ್ಪು ಬೆಳೆಯುವ ಮನೆ. ಹೊಲದಿಂದ ಮುರಿದು ತಂದ ಹಸಿರೆಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎನ್ನುವ ಎತ್ತರದ ಮನೆಯೊಳಗೆ ಸಾಲುಸಾಲಾಗಿ ತೂಗುಹಾಕಿ, ಹೊರಗಿನ ಒಲೆಯಿಂದ ಐದಾರು ದಿನ ಬಿಸಿ ಕೊಟ್ಟು ಬೇಯಿಸುತ್ತಾರೆ. ಬೇಯಿಸುವುದು ಎಂದರೆ ಸುಮ್ಮನೆ ಉರಿ ಹಾಕುವುದಲ್ಲ. ಮೊದಲು ಎಲೆ ನಿಧಾನವಾಗಿ ಹಣ್ಣಾಗಿ ಹಳದಿಯಾಗಬೇಕು, ಆಮೇಲೆ ಆ ಬಣ್ಣ ನಿಲ್ಲಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ನಡುವಿನ ನರ ಒಣಗಬೇಕು. ಒಂದೊಂದಕ್ಕೂ ಇಷ್ಟು ಡಿಗ್ರಿ ಫ್ಯಾರನ್‌ಹೀಟ್ ಎಂದಿದೆ. ಅವಸರ ಮಾಡಿದರೆ ಎಲೆ ಹಸಿರಾಗಿಯೇ ಸೀಯುತ್ತದೆ, ತಡ ಮಾಡಿದರೆ ಮುಗ್ಗುತ್ತದೆ. ಗಂಡ ತೀರಿಕೊಂಡ ವರ್ಷದಿಂದ ಆ ಬ್ಯಾರನ್ ಆಕೆಯ ಕೈಯಲ್ಲಿದೆ. ಸುತ್ತಲಿನ ಹಳ್ಳಿಯವರು ತಮ್ಮ ಸೊಪ್ಪಿನ ಹದ ಕೇಳಲು ಇವರ ಮನೆಗೆ ಬರುತ್ತಿದ್ದರಂತೆ. ನಾನೂ ಇಲ್ಲಿ ಅವರನ್ನು ಬ್ಯಾರನ್ನಮ್ಮ ಎಂದೇ ಕರೆಯುತ್ತೇನೆ.

ಕಣ್ಣಿನ ಪರದೆಯ ನಡುಭಾಗ ಸವೆದಿತ್ತು. ಸುತ್ತಲಿನದು ಕಾಣುತ್ತದೆ, ನೆಟ್ಟಗೆ ನೋಡಿದ್ದು ಕಾಣುವುದಿಲ್ಲ. ನಡೆದಾಡಲು ತೊಂದರೆಯಿಲ್ಲ, ಆದರೆ ಅಕ್ಷರ, ಅಂಕಿ, ಮುಖ ಯಾವುದೂ ಸಿಗುವುದಿಲ್ಲ. ಜೊತೆಯಲ್ಲಿ ಬಂದಿದ್ದ ಸೊಸೆ ತಗ್ಗಿದ ದನಿಯಲ್ಲಿ ವರದಿ ಒಪ್ಪಿಸಿದಳು.

"ಎಲ್ಡು ವರ್ಸದಿಂದ ಅಂದಾಜಲ್ಲೇ ಬೇಯ್ಸವ್ರೆ ಮೇಡಂ. ನಮ್ಗೂ ಏಳಿಲ್ಲ. ಓದ್ವರ್ಸ ಒಂದ್ ಬ್ಯಾರನ್ ಸೀದೋಯ್ತು."

"ಎಲೆ ಸರಿಯಿಲ್ಲ ಅಂತ ಸುಳ್ಳೇಳ್ದೆ," ಎಂದರು ಬ್ಯಾರನ್ನಮ್ಮ, ಬೇರೆ ಯಾರದೋ ವಿಷಯ ಹೇಳುವ ಹಾಗೆ. "ಎಲೆ ಚಿನ್ನದಂಗಿತ್ತು. ಸೀಯ್ಸಿದ್ದು ನಾನು."

ಪಕ್ಕದ ಹಳ್ಳಿಯಲ್ಲಿರುವ ಮೈದುನ ಬ್ಯಾರನ್ನಿನ ಬೀಗದ ಕೈ ತನಗೆ ಕೊಡಿ ಎಂದು ಕೇಳಿದ್ದರು. ಅವರೇನೂ ಕೆಟ್ಟವರಲ್ಲ, ಅತ್ತಿಗೆ ಒಲೆಯ ಮುಂದೆ ಎಡವಿ ಬೀಳಬಾರದೆಂಬ ಕಾಳಜಿಯೂ ಅದರಲ್ಲಿತ್ತು. ಇವರು ಒಂದು ಕರಾರು ಹಾಕಿದ್ದರು. ಈ ಸಲದ ಮೊದಲ ಬ್ಯಾರನ್ ಒಬ್ಬಳೇ ಬೇಯಿಸುತ್ತೇನೆ. ಸರಿಯಾದರೆ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತದೆ. ಕೆಟ್ಟರೆ ನಿನ್ನದು, ಆಮೇಲೆ ನಾನು ಬ್ಯಾರನ್ ಕಡೆ ತಲೆ ಹಾಕುವುದಿಲ್ಲ. ಬೇಯುವಷ್ಟು ದಿನ ನೀನು ಈ ಕಡೆ ಬರಕೂಡದು. ಮೈದುನ ಒಪ್ಪಿದ್ದರು.

"ಸೊಸೆ ಓದಿ ಹೇಳಬಹುದಲ್ಲಮ್ಮ?" ಎಂದೆ.

"ಅವ್ಳ ಕಣ್ಣಲ್ ಬೇಯ್ಸಿದ್ರೆ ಅದು ಅವ್ಳ ಸೊಪ್ಪು. ಅವ್ಳ್ಗೂ ಕಲಿಸ್ತೀನಿ, ಆದ್ರೆ ನಾನ್ ಕಂಡು ಕಲಿಸ್ಬೇಕು."

ಆ ಮಾತಿಗೆ ನಾನು ಸೋತೆ. ಬ್ಯಾರನ್ನಿಗೆ ಬೆಂಕಿ ಹಾಕಲು ಇನ್ನೂ ಮೂರು ವಾರ ಸಮಯವಿತ್ತು.

ಭೂತಗನ್ನಡಿ ಆಗುವ ಮಾತಲ್ಲ. ಅದನ್ನು ವಸ್ತುವಿನ ಮೇಲೆಯೇ ಇಟ್ಟು ನೋಡಬೇಕು, ಥರ್ಮಾಮೀಟರ್ ಇರುವುದು ಗಾಜಿನ ಆಚೆ. ಹಾಗಾಗಿ ಫೋನೇ ಗತಿ. ಸೊಸೆಯ ಹಳೆಯ ಫೋನಿನಲ್ಲಿ ಆ್ಯಪ್ ಹಾಕಿದೆ. ಪರದೆಯ ಮೇಲಿನ ಚಿತ್ರಗಳು ಆಕೆಗೆ ಕಾಣುವುದಿಲ್ಲವಾದ್ದರಿಂದ ಎಲ್ಲವನ್ನೂ ಬೆರಳಿಗೆ ಕಲಿಸಬೇಕಿತ್ತು. ಫೋನಿನ ಪಕ್ಕದ ಗುಂಡಿ ಒತ್ತಿದರೆ ಚಿತ್ರ ಹಾಗೇ ನಿಲ್ಲುವಂತೆ ಮಾಡಿ, ಆ ಗುಂಡಿ ಕೈಗೆ ಸಿಗಲೆಂದು ನನ್ನ ಹಣೆಯ ಸ್ಟಿಕ್ಕರ್ ಕಿತ್ತು ಅದರ ಪಕ್ಕ ಅಂಟಿಸಿದೆ. ಎರಡು ಬೆರಳು ಅಗಲಿಸಿದರೆ ದೊಡ್ಡದು, ಕೂಡಿಸಿದರೆ ಚಿಕ್ಕದು. ಬಿಳಿಯದನ್ನು ಕಪ್ಪಾಗಿ, ಕಪ್ಪನ್ನು ಬಿಳಿಯಾಗಿ ತೋರಿಸುವ ವ್ಯವಸ್ಥೆಯೂ ಆ್ಯಪಿನಲ್ಲಿದೆ, ಅದನ್ನೂ ಹಾಕಿದೆ. ಇಂಥ ಕಣ್ಣಿಗೆ ಕಪ್ಪಿನ ಮೇಲಿನ ಬಿಳಿ ಅಂಕಿ ಬೇಗ ಸಿಗುತ್ತದೆ. ನೆಟ್ಟಗೆ ನೋಡದೆ ಕಣ್ಣನ್ನು ಒಂದಿಷ್ಟು ಪಕ್ಕಕ್ಕೆ ಹೊರಳಿಸಿ ನೋಡುವುದು ಎಲ್ಲಕ್ಕಿಂತ ಕಷ್ಟದ ಪಾಠ. ಅದನ್ನು ಆಕೆ ಆಗಲೇ ತಾವಾಗಿ ಕಲಿತುಬಿಟ್ಟಿದ್ದರು.

"ಅತ್ತೆ ಮಾತಾಡ್ವಾಗ ನಮ್ ಕಿವಿ ನೋಡ್ತಾರೆ, ಅದ್ಕೇನಾ?" ಎಂದಳು ಸೊಸೆ. ಎರಡು ವರ್ಷದಿಂದ ಅತ್ತೆಗೆ ತನ್ನ ಮೇಲೆ ಮುನಿಸು ಎಂದೇ ತಿಳಿದುಕೊಂಡಿದ್ದಳಂತೆ.

ವಾರಕ್ಕೊಂದು ಸಲದಂತೆ ಮೂರು ಸಲ ಬಂದರು. ಮೊದಲ ಸಲ ಮಾತ್ರೆಯ ಪಟ್ಟಿ, ಎರಡನೆಯ ಸಲ ಕ್ಯಾಲೆಂಡರ್, ಮೂರನೆಯ ಸಲ ನಾನು ಅಂಗಡಿಯಿಂದ ತಂದು ಗೋಡೆಗೆ ನೇತುಹಾಕಿದ ಥರ್ಮಾಮೀಟರ್. ಮೂರನೆಯ ದಿನ ತಪ್ಪಿಲ್ಲದೆ ಹತ್ತು ಸಲ ಓದಿದರು. ನಾನು ಆ ಕೆಲಸ ಮುಗಿಯಿತೆಂದುಕೊಂಡೆ. ನನ್ನ ಬಗ್ಗೆ ನನಗೆ ಬೇಗ ಮೆಚ್ಚುಗೆ ಬಂದುಬಿಡುತ್ತದೆ, ಅದು ನನ್ನ ಹಳೆಯ ಕಾಯಿಲೆ.

ಶ್ರಾವಣದ ಒಂದು ಬೆಳಿಗ್ಗೆ ಸೊಸೆ ಫೋನ್ ಮಾಡಿ, ಬ್ಯಾರನ್ ತುಂಬಿಸಿದ್ದೇವೆ, ಇವತ್ತು ಬೆಂಕಿ ಎಂದಳು. ಡಾಕ್ಟರ ಅನುಮತಿ ಪಡೆದು ಪಿರಿಯಾಪಟ್ಟಣಕ್ಕೆ ಹೋಗಿ, ಅಲ್ಲಿ ಬಸ್ ಬದಲಿಸಿ ಅವರ ಊರು ತಲುಪುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಬ್ಯಾರನ್ ಗೋಡೆಯಲ್ಲಿ ಅಂಗೈಯಗಲದ ಗಾಜಿನ ಕಿಂಡಿ. ಅದರ ಒಳಗಡೆ ತಂತಿಯಲ್ಲಿ ಥರ್ಮಾಮೀಟರ್ ಜೋತುಬಿದ್ದಿತ್ತು.

ಬ್ಯಾರನ್ನಮ್ಮ ಫೋನು ಹಿಡಿದರು. ಪರದೆಯ ತುಂಬ ಬೆಳ್ಳಗಿನ ಬೆಳಕು ಬಿಟ್ಟು ಏನೂ ಇಲ್ಲ. ಫೋನಿನ ಟಾರ್ಚು ಗಾಜಿಗೆ ಬಡಿದು ವಾಪಸ್ಸು ಅದರ ಕಣ್ಣಿಗೇ ಬೀಳುತ್ತಿತ್ತು. ಟಾರ್ಚು ಆರಿಸಿದರೆ ಒಳಗೆ ಕತ್ತಲು. ನನ್ನ ಗೋಡೆಯ ಥರ್ಮಾಮೀಟರಿಗೆ ಗಾಜಿನ ಕಿಂಡಿಯೇ ಇರಲಿಲ್ಲವಲ್ಲ, ಹಾಗಾಗಿ ಇದು ನನಗೆ ಹೊಳೆದಿರಲಿಲ್ಲ. ಅರ್ಧ ಗಂಟೆ ಒದ್ದಾಡಿದೆವು. ಕೊನೆಗೆ ಟಾರ್ಚು ಆರಿಸಿ, ಬೇರೊಂದು ಬ್ಯಾಟರಿಯನ್ನು ಕಿಂಡಿಯ ಮೂಲೆಗೆ ಓರೆಯಾಗಿ ಕಟ್ಟಿ, ಫೋನನ್ನು ಗಾಜಿಗೆ ತಾಗಿಸಿಯೇ ಹಿಡಿದಾಗ ಅಂಕಿಗಳು ಎದ್ದು ಬಂದವು. ಚಿತ್ರ ನಿಲ್ಲಿಸಿಕೊಂಡು ಈಚೆಗೆ ಬಂದು, ಹೊಂಗೆ ಮರದ ನೆರಳಲ್ಲಿ ನಿಧಾನವಾಗಿ ಓದಿ ಎಂದು ಹೇಳಿಕೊಟ್ಟೆ. ಅದು ಅವರಿಗೆ ಬಹಳ ಇಷ್ಟವಾಯಿತು. ಇಷ್ಟು ವರ್ಷ ಕಿಂಡಿಯ ಮುಂದೆ ಬಗ್ಗಿ ನಿಂತು ನೋಡುತ್ತಿದ್ದವರು ಈಗ ಕಲ್ಲಿನ ಮೇಲೆ ಕುಳಿತು ಓದಿದರು.

ಬೆಂಕಿ ಹಾಕುವ ಮೊದಲು ಪೂಜೆ. ಮೊದಲ ಬ್ಯಾರನ್ನಿಗೆ ಬಾಗಿಲು, ಒಲೆ, ಥರ್ಮಾಮೀಟರ್ ಎಲ್ಲಕ್ಕೂ ಅರಿಸಿನ ಕುಂಕುಮ ಇಡುವುದು ಅಲ್ಲಿಯ ಪದ್ಧತಿ. ಸೊಸೆ ದೂರದಲ್ಲಿ ಅಂಗಳದ ತುದಿಯಲ್ಲಿ ನಿಂತಿದ್ದಳು.

"ಇವ್ಳು ಮುಟ್ಟಾಗವ್ಳೆ. ಮೂರ್ ದಿನ ಬ್ಯಾರನ್ ತಾವ್ಕೆ ಬರಂಗಿಲ್ಲ, ಒಳಗ್ ಲಕ್ಷ್ಮಿ ಅವ್ಳೆ," ಎಂದರು ಬ್ಯಾರನ್ನಮ್ಮ. "ನಾನು ಇಡಂಗಿಲ್ಲ. ನೀವ್ ಮುತ್ತೈದೆ, ನೀವೇ ಇಡಿ ಮೇಡಂ."

ಆ ಶಾಸ್ತ್ರದ ಬಗ್ಗೆ ನನಗೆ ನನ್ನದೇ ಅಭಿಪ್ರಾಯಗಳಿವೆ. ಆದರೆ ನಾನು ಹೋಗಿದ್ದು ಥರ್ಮಾಮೀಟರ್ ಓದಿಸುವುದಕ್ಕೆ. ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಇಟ್ಟೆ, ಒಲೆಗೆ ಇಟ್ಟೆ. ಥರ್ಮಾಮೀಟರನ್ನು ಈಚೆಗೆ ತಂದುಕೊಟ್ಟರು, ಅದಕ್ಕೂ ಒದ್ದೆ ಬೆರಳಲ್ಲಿ ಕುಂಕುಮ ಇಟ್ಟೆ. ಫೋನಿಗೂ ಇಡಿ ಎಂದಾಗ ಮಾತ್ರ ಜಾಣತನ ತೋರಿಸಿದೆ. ಕ್ಯಾಮೆರಾದ ಮೇಲೆ ಬೀಳಬಾರದು ನೋಡಿ, ಬಿದ್ದರೆ ಏನೂ ಕಾಣುವುದಿಲ್ಲ ಎಂದು ಪಾಠ ಹೇಳಿ, ಕೆಳಗಿನ ಮೂಲೆಗೆ ಒಂದು ಚುಕ್ಕೆ ಇಟ್ಟೆ.

ಸಂಜೆಯ ಬಸ್ಸಿಗೆ ಹೊರಡುವ ಮೊದಲು ಅವರಿಂದ ಒಮ್ಮೆ ಓದಿಸಿದೆ. ಎಂಬತ್ತಾರು ಎಂದರು. ನಾನು ಕಿಂಡಿಯಲ್ಲಿ ಇಣುಕಿದೆ, ಕೆಂಪು ಗೆರೆಯ ತುದಿ ಎಂಬತ್ತಾರಕ್ಕೇ ಇತ್ತು. ಆಕೆ ಬ್ಯಾರನ್ ಗೋಡೆಯ ಮೇಲೆ ಅಂಗೈ ಇಟ್ಟು, "ಹೂಂ, ಅಷ್ಟೇ ಇರ್ಬೋದು" ಎಂದರು.

"ಇನ್ನು ಕೈ ನಂಬಬೇಡಿ ಅಮ್ಮ, ಫೋನ್ ನಂಬಿ," ಎಂದೆ. "ಚಿಕ್ಕದಾಗಿ ಕಂಡರೆ ಇನ್ನೂ ದೊಡ್ಡದು ಮಾಡಿಕೊಳ್ಳಿ."

ಈ ಎರಡೂ ಮಾತನ್ನು ನಾನು ಹೇಳಬಾರದಿತ್ತು.

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಫೋನ್ ಬಂತು. ನೂರಾ ಹದಿನೆಂಟು ತೋರಿಸುತ್ತಿದೆ ಎಂದರು. ಮೊದಲ ದಿನ ನೂರರ ಆಸುಪಾಸಿನಲ್ಲಿ ಇರಬೇಕಾದದ್ದು. ಎಲೆ ಹಣ್ಣಾಗುವ ಮೊದಲೇ ಅಷ್ಟು ಬಿಸಿಯಾದರೆ ಹಸಿರಾಗಿಯೇ ಸೀಯುತ್ತದೆ. ಹೋದ ವರ್ಷ ಆದದ್ದೂ ಅದೇ.

"ಕೈಗೆ ಅಷ್ಟಿಲ್ಲ ಅನ್ನಿಸ್ತದೆ," ಎಂದರು.

"ಫೋನ್ ಹೇಳಿದ್ದೇ ಸರಿ, ಬೆಂಕಿ ಕಡಿಮೆ ಮಾಡಿ," ಎಂದೆ. ಎದುರಿಗೆ ಬೇರೊಬ್ಬರು ಕುಳಿತಿದ್ದರು, ನಾನು ಅವಸರದಲ್ಲಿದ್ದೆ.

ಒಂದು ಗಂಟೆಗೆ ಮತ್ತೆ ಫೋನ್.

"ಸೌದೆ ಎಲ್ಲಾ ಈಚ್ಗೆ ಎಳ್ದಾಕಿವ್ನಿ ಕಣವ್ವ. ಇನ್ನೂ ನೂರಾ ಅದ್ನೆಂಟೇ. ಗೋಡೆ ಮುಟ್ಟುದ್ರೆ ತಣ್ಣಗದೆ. ಒಳಗಿಂದ ಹಸಿ ವಾಸ್ನೆ ಬತ್ತದೆ. ನಂಗೊಂದೂ ತಿಳೀತಿಲ್ಲ."

ನಿಲ್ಲಿಸಿದ ಚಿತ್ರವನ್ನು ಕಳಿಸಲು ಹೇಳಿದೆ. ಫೋನನ್ನು ಕಲ್ಲಿನ ಮೇಲಿಟ್ಟು ದೂರ ಸರಿದರಂತೆ, ಸೊಸೆ ಬಂದು ತೆಗೆದುಕೊಂಡು ಕಳಿಸಿದಳು. ಕಪ್ಪು ಹಿನ್ನೆಲೆಯಲ್ಲಿ ದಪ್ಪನೆಯ ಬಿಳಿ ಗೆರೆ, ಅದರ ತುದಿ ಸರಿಯಾಗಿ ನೂರಾ ಹದಿನೆಂಟಕ್ಕೆ. ನಾನು ಹೇಳಿಕೊಟ್ಟ ಹಾಗೆ ಚೆನ್ನಾಗಿ ದೊಡ್ಡದು ಮಾಡಿಕೊಂಡಿದ್ದರು. ಓದಿದ್ದರಲ್ಲಿ ತಪ್ಪಿರಲಿಲ್ಲ. "ನಾನೇ ಹೋಗಿ ಕಿಂಡೀಲಿ ನೋಡ್ಲಾ ಮೇಡಂ?" ಎಂದಳು ಸೊಸೆ, ಹಿಂದಿನಿಂದ "ಬ್ಯಾಡ" ಎಂದು ಅತ್ತೆಯ ದನಿ ಕೇಳಿಸಿತು.

ಒಂದು ಕಡೆ ಚಿತ್ರದಲ್ಲಿ ಕಣ್ಣಿಗೆ ಕಾಣುವ ಅಂಕಿ. ಇನ್ನೊಂದು ಕಡೆ ಗೋಡೆ ಮುಟ್ಟಿದ ಕೈ. ಬ್ಯಾರನ್ನಿನ ವಿದ್ಯೆ ನನಗೆ ಸೊನ್ನೆ. ಆದರೆ ಒಂದು ವಿಷಯ ಹೊಳೆಯಿತು. ಬೆಂಕಿ ಇಳಿಸಿ ಮೂರು ಗಂಟೆಯಾದರೂ ಒಂದು ಗೆರೆಯೂ ಇಳಿಯದ ಥರ್ಮಾಮೀಟರ್ ಎಲ್ಲಾದರೂ ಉಂಟೇ? ಅದು ಯಾಕೆ ಹಾಗೆ ನಿಂತಿದೆ ಎಂದು ನನಗೆ ಗೊತ್ತಿರಲಿಲ್ಲ, ಆದರೆ ಅದನ್ನು ನಂಬಬಾರದು ಎಂಬುದಷ್ಟು ಗೊತ್ತಾಯಿತು. ಹೀಗೆ ಹೇಳುವುದೆಂದರೆ ಮೂರು ವಾರ ನಾನೇ ಕಲಿಸಿದ್ದನ್ನು ನಾನೇ ಅಳಿಸಿಹಾಕುವುದು. ತಪ್ಪಾದರೆ ಆ ಬ್ಯಾರನ್ ಸೊಪ್ಪು, ಆ ಬೀಗ ಎರಡೂ ನನ್ನ ಮಾತಿನಿಂದಲೇ ಹೋದಂತೆ.

"ಅಮ್ಮ, ಕೈ ಏನು ಹೇಳ್ತಿದೆ?"

"ತೊಂಬತ್ತರಿಂದ ಕೆಳಗೈತೆ ಅಂತದೆ."

"ಹಾಗಾದ್ರೆ ಬೆಂಕಿ ಹಾಕಿ. ಫೋನ್ ಎತ್ತಿಡಿ. ನಾನು ಬರೋವರೆಗೂ ಕೈ ಹೇಳಿದಂಗೆ ಮಾಡಿ."

ಆ ಕಡೆ ಒಲೆಗೆ ಸೌದೆ ತಳ್ಳಿದ ಸದ್ದಾಯಿತು. ಆಮೇಲೆ, "ಈಗ್ ಬುದ್ಧಿ ಬಂತು ನಿಂಗೆ," ಎಂದರು. ನೀವು ಹೋಗಿ ನೀನು ಆದದ್ದು ಆ ಗಳಿಗೆಯಲ್ಲಿ.

ಕೋಣೆಗೆ ಬೀಗ ಹಾಕಿ ಓಡಿದೆ. ಪಿರಿಯಾಪಟ್ಟಣದಲ್ಲಿ ಬಸ್ಸಿಗೆ ಕಾದ ಮುಕ್ಕಾಲು ಗಂಟೆಯಲ್ಲಿ ಮೂರು ಟೀ ಕುಡಿದೆ. ಐದರ ಹೊತ್ತಿಗೆ ಹೋಗಿ ಮುಟ್ಟಿದಾಗ ಒಲೆಯಲ್ಲಿ ಬೆಂಕಿ ಚೆನ್ನಾಗಿ ಹಿಡಿದಿತ್ತು. ಬ್ಯಾರನ್ನಮ್ಮ ಗೋಡೆಗೆ ಅಂಗೈ ಕೊಟ್ಟು ನಿಂತಿದ್ದರು. ನಾನು ಚೀಲವನ್ನೂ ಇಳಿಸದೆ ಕಿಂಡಿಗೆ ಮುಖ ಹಚ್ಚಿದೆ.

ಕೆಂಪು ಗೆರೆ ತೊಂಬತ್ನಾಲ್ಕಕ್ಕೆ ನಿಂತಿತ್ತು. ಅದರ ಮೇಲೆ ಒಂದಿಷ್ಟು ಖಾಲಿ ಜಾಗ. ಅದರ ಮೇಲೆ, ಗಾಜಿನ ಕೊಳವೆಯ ನೇರಕ್ಕೆ ಸರಿಯಾಗಿ, ನೂರಾ ಹತ್ತರಿಂದ ನೂರಾ ಹದಿನೆಂಟರವರೆಗೆ, ನನ್ನ ಒದ್ದೆ ಬೆರಳಿನ ಕುಂಕುಮ.

ಎಷ್ಟು ನೀಟಾಗಿ ಇಟ್ಟಿದ್ದೆ ಎಂದರೆ ಅಳತೆ ಪಟ್ಟಿ ಹಿಡಿದು ಎಳೆದ ಹಾಗಿತ್ತು. ಬರಿಗಣ್ಣಿಗೆ ಅದು ಕುಂಕುಮ ಎಂದು ತಿಳಿಯುತ್ತದೆ. ಆದರೆ ನಾನು ಹಾಕಿಕೊಟ್ಟ ಕಪ್ಪುಬಿಳುಪಿನಲ್ಲಿ ಆ ಕೆಂಪೂ ಈ ಕೆಂಪೂ ಒಂದೇ ಬಿಳಿ ಗೆರೆ. ಇನ್ನೂ ದೊಡ್ಡದು ಮಾಡಿ ಎಂದವಳೂ ನಾನೇ. ದೊಡ್ಡದು ಮಾಡಿದಷ್ಟೂ ಪರದೆಯಲ್ಲಿ ಹಿಡಿಸುವ ಜಾಗ ಚಿಕ್ಕದಾಗುತ್ತದೆ. ಕೆಳಗಿನ ನಿಜವಾದ ಗೆರೆ ಪರದೆಯ ಆಚೆ ಉಳಿದು, ಮೇಲಿನ ಕುಂಕುಮವೊಂದೇ ಒಳಗೆ ಬಿದ್ದಿತ್ತು. ಇದು ನನ್ನ ಕಸುಬಿನ ಮೊದಲ ಪಾಠ, ಹೊಸಬರಿಗೆ ನಾನೇ ಹೇಳಿಕೊಡುವ ಪಾಠ.

"ಅಮ್ಮ," ಎಂದೆ, "ಇದು ನನ್ನ ಕೈಕೆಲಸ."

ವಿಷಯ ತಿಳಿದಾಗ ಬೈಯುತ್ತಾರೆ ಎಂದುಕೊಂಡಿದ್ದೆ. ಆಕೆ ಗೋಡೆಗೆ ಒರಗಿಕೊಂಡು ನಕ್ಕರು, ಕೆಮ್ಮು ಬರುವವರೆಗೂ ನಕ್ಕರು. ಅಂಗಳದ ತುದಿಯಲ್ಲಿ ಸೊಸೆಯೂ ಬಾಯಿಗೆ ಸೆರಗು ಒತ್ತಿಕೊಂಡು ಕುಳಿತುಬಿಟ್ಟಳು.

"ಗಂಡ ಹೋದ್ಮೇಲೆ ನಾನ್ ಕುಂಕುಮ ಮುಟ್ಟಿಲ್ಲ ಕಣವ್ವ," ಎಂದರು ಕಣ್ಣು ಒರೆಸಿಕೊಳ್ಳುತ್ತ. "ಮುಟ್ಟಿದ್ದು ನೀನು, ಮಂಗ ಆಗಿದ್ದು ನಾನು."

ಆಮೇಲೆ ಅವರೇ ಬಾಗಿಲು ಸ್ವಲ್ಪವೇ ತೆರೆದು ಒಳಗೆ ಹೋಗಿ, ಥರ್ಮಾಮೀಟರ್ ಬಿಚ್ಚಿಕೊಂಡು ಬಂದು ಸೆರಗಿನಿಂದ ಉಜ್ಜಿದರು. ಒಂದು ಎಲೆಯನ್ನೂ ಕಿತ್ತು ತಂದು ನನ್ನ ಕೈಗೆ ಕೊಟ್ಟರು. ಅಂಚಿನಲ್ಲಿ ಹಳದಿ ಇಣುಕಿತ್ತು, ನಡುವೆ ಇನ್ನೂ ಹಸಿರು. ಅರ್ಧ ದಿನದ ಬಿಸಿ ಕಡಿಮೆಯಾಗಿತ್ತೇ ಹೊರತು ಸೀದಿರಲಿಲ್ಲ, ಮುಗ್ಗಿರಲೂ ಇಲ್ಲ. ಮಧ್ಯಾಹ್ನವೇ ಬೆಂಕಿ ಹಾಕಿದ್ದು ಉಳಿಸಿತು ಎಂದರು.

ಈಗ ನಾನು ಕಲಿಸಿದ್ದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದೆವು. ಕಪ್ಪುಬಿಳುಪು ತೆಗೆದೆ, ಕೆಂಪು ಕೆಂಪಾಗಿಯೇ ಕಾಣಲಿ. ಅಳತೆಯನ್ನು ಅರ್ಧಕ್ಕೆ ಇಳಿಸಿದೆ. ಅಂಕಿ ಚಿಕ್ಕದಾಯಿತು ಎಂದು ಗೊಣಗಿದರು, ನಾನು ಬಿಡಲಿಲ್ಲ.

"ಎಲ್ಲೆಲ್ಲೋ ಹುಡುಕಬೇಡಿ. ಕೆಳಗಿನ ಗಾಜಿನ ಗುಂಡಿನಿಂದ ಶುರು ಮಾಡಿ, ಗೆರೆ ಹಿಡಿದುಕೊಂಡೇ ಮೇಲೆ ಹತ್ತಿ. ಅದು ಎಲ್ಲಿ ಮುಗಿಯುತ್ತೋ ಅಲ್ಲಿ ನಿಲ್ಲಿ."

"ಅಂಗಾದ್ರೆ ಅಂಕಿ ಯಾಕ್ ಬೇಕು?" ಎಂದರು ಬ್ಯಾರನ್ನಮ್ಮ. ಸ್ವಲ್ಪ ಯೋಚಿಸಿ, ಸೊಸೆಯನ್ನು ಕೂಗಿ ಮನೆಯೊಳಗಿನಿಂದ ಕಪ್ಪು ದಾರ ಎಸೆಯಲು ಹೇಳಿದರು. ನೂರು, ನೂರಿಪ್ಪತ್ತು, ನೂರಾ ನಲವತ್ತು, ನೂರಾ ಅರವತ್ತು, ಈ ನಾಲ್ಕು ಕಡೆ ಥರ್ಮಾಮೀಟರಿನ ಸುತ್ತ ದಾರ ಸುತ್ತಿ ಗಂಟು ಹಾಕಲು ನನಗೆ ಹೇಳಿದರು. ಬ್ಯಾರನ್ನಿನಲ್ಲಿ ಬಿಸಿ ನಿಲ್ಲಿಸಿ ಮುಂದಕ್ಕೆ ಹೋಗುವ ಜಾಗಗಳು ಅವೇ ನಾಲ್ಕು. ಫೋನಿನಲ್ಲಿ ಆ ದಾರಗಳು ಹಗ್ಗದಷ್ಟು ದಪ್ಪ ಕಂಡವು. ಗೆರೆ ಹತ್ತುತ್ತ ಹೋಗಿ ಎಷ್ಟನೇ ದಾರದ ಹತ್ತಿರ ನಿಂತಿದೆ ಎಂದು ನೋಡಿದರಾಯಿತು, ನಡುವಿನ ಎರಡು ಮೂರು ಡಿಗ್ರಿಗೆ ಮಾತ್ರ ಅಂಕಿ. ಇಷ್ಟು ವರ್ಷ ಈ ಕೆಲಸ ಮಾಡಿಯೂ ನನಗೆ ಹೊಳೆಯದ ಉಪಾಯ. ಈಗ ಪಾತ್ರೆಯ ಅಳತೆಗೆ, ಹಾಲಿನ ಲೋಟಕ್ಕೆ, ಎಲ್ಲರಿಗೂ ದಾರ ಕಟ್ಟಿಸುತ್ತೇನೆ.

ಮುಂದಿನ ದಿನಗಳಲ್ಲಿ ಬೆಳಿಗ್ಗೆ ಸಂಜೆ ಫೋನ್ ಬರುತ್ತಿತ್ತು. "ನೂರಾ ನಾಕು, ಎಲೆ ಹಣ್ಣಾಗ್ತಾ ಅದೆ." "ಎಲ್ಡನೇ ದಾರ ಮುಟ್ತು." ಮೊದಲ ಮೂರು ದಿನ ಕಳೆದ ಮೇಲೆ ಸೊಸೆಯೂ ಕಿಂಡಿಯ ಹತ್ತಿರ ಬಂದಳು. ಅತ್ತೆ ಫೋನಲ್ಲಿ ಓದುವುದು, ಸೊಸೆ ಗೋಡೆಗೆ ಕೈಯಿಟ್ಟು ಅಂದಾಜು ಹೇಳುವುದು, ಯಾರದು ಹತ್ತಿರ ಎಂದು ನೋಡುವುದು. ಸೊಸೆ ಮೊದಮೊದಲು ಹದಿನೈದು ಡಿಗ್ರಿ ತಪ್ಪು ಹೇಳುತ್ತಿದ್ದವಳು ಐದಕ್ಕೆ ಇಳಿದಿದ್ದಳಂತೆ. ಒಂದು ಸಂಜೆ ಫೋನು ಬಿಸಿಯಾಗಿ ತಾನೇ ಆರಿಹೋಯಿತು. ನನಗೆ ಗಾಬರಿ. ಅವರು ಅದನ್ನು ನೀರಿನ ಮಡಕೆಯ ಮುಚ್ಚಳದ ಮೇಲೆ ಹತ್ತು ನಿಮಿಷ ಮಲಗಿಸಿ ಸರಿಮಾಡಿದರು. ಆ ದಿನಗಳಲ್ಲಿ ನ್ಯೂಸ್ ಕೇಳುವಂತೆ ನಮ್ಮ ಡಾಕ್ಟರೂ "ಇವತ್ತು ಎಷ್ಟಕ್ಕಿದೆ?" ಎಂದು ವಿಚಾರಿಸುತ್ತಿದ್ದರು.

ಬೆಂದ ಸೊಪ್ಪನ್ನು ಬ್ಯಾರನ್ನಿನಿಂದ ಇಳಿಸುವ ದಿನ ನಾನು ರಜೆ ಹಾಕಿ ಹೋದೆ. ಮೈದುನ ನನಗಿಂತ ಮೊದಲೇ ಬಂದು ಹೊಂಗೆ ಮರದ ಕೆಳಗೆ ಕುಳಿತಿದ್ದರು. ಬಿಳಿ ಮೀಸೆಯ, ಮಾತು ಕಡಿಮೆಯ ಮನುಷ್ಯ. ಬಾಗಿಲು ತೆರೆದಾಗ ಒಳಗಿನಿಂದ ಬಂದ ಸಿಹಿಯಾದ, ಒಣಗಿದ ವಾಸನೆ ನನಗೆ ಇವತ್ತಿಗೂ ನೆನಪಿದೆ. ಮೊದಲ ಕಡ್ಡಿ ಈಚೆಗೆ ಬಂತು. ಎಲೆಗಳೆಲ್ಲ ನಿಂಬೆಹಣ್ಣಿನ ಬಣ್ಣ. ಮೈದುನ ಎದ್ದು ಬಂದು ಒಂದೆಲೆ ಕಿತ್ತು, ಬೆಳಕಿಗೆ ಹಿಡಿದು, ನರವನ್ನು ಮುರಿದು ಕಿವಿಯ ಹತ್ತಿರ ಸದ್ದು ಕೇಳಿದರು. ಇನ್ನೊಂದು ಕಡ್ಡಿ, ಮತ್ತೊಂದು ಕಡ್ಡಿ. ಹತ್ತಿಪ್ಪತ್ತು ಕಡ್ಡಿ ಹೀಗೇ ನೋಡಿದರು.

"ಬೀಗ ನಿಮ್ತಾವೇ ಇರ್ಲಿ ಅತ್ಗೆ," ಎಂದರು ಕೊನೆಗೆ. "ನಮ್ ಬ್ಯಾರನ್ ನಾಡಿದ್ದು ತುಂಬ್ತೀವಿ. ಒಂದ್ಸಲ ಬಂದೋಗಿ."

ನನಗೆ ಕುಣಿಯಬೇಕು ಅನ್ನಿಸಿತು. ಬ್ಯಾರನ್ನಮ್ಮ ಆ ಮಾತು ಕೇಳಿಸಿತೋ ಇಲ್ಲವೋ ಎನ್ನುವಂತೆ ಕಲ್ಲಿನ ಮೇಲೆ ಕುಳಿತು ಒಂದು ಎಲೆಯನ್ನು ಫೋನಿನ ಕೆಳಗೆ ಹಿಡಿದಿದ್ದರು. ಎಲೆಯ ಬುಡದಿಂದ ಶುರುಮಾಡಿ ನಡುನರದ ಉದ್ದಕ್ಕೂ, ಅಲ್ಲಿಂದ ಕವಲೊಡೆದ ಸಣ್ಣ ನರಗಳ ಗುಂಟ, ತುದಿಯವರೆಗೂ ಹೋದರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಫೋನು ಥರ್ಮಾಮೀಟರಿಗೆ ಎಂದಷ್ಟೇ ನಾನು ಯೋಚಿಸಿದ್ದೆ.

"ನರದ್ ತುದೀಲಿ ಹಸ್ರು ಒಂಚೂರೂ ಇಲ್ಲ ನೋಡು," ಎಂದರು, ಯಾರಿಗೆ ಎಂದಿಲ್ಲದೆ. "ಎಲ್ಡು ವರ್ಸ ಆಗಿತ್ತು ನಾನ್ ಎಲೆ ನೋಡಿ. ಬರೀ ಹಳ್ದಿ ಅಂತ ಕಾಣೋದು, ನರ ಕಾಣ್ತಿರ್ಲಿಲ್ಲ."

ಆಮೇಲೆ ಕೆಳಗಿನ ಸಾಲಿನ ಕಡ್ಡಿಗಳನ್ನು ತರಿಸಿ, ನಾಲ್ಕೈದರಲ್ಲಿ ಬಣ್ಣ ಮಂಕಾಗಿದ್ದನ್ನು ತಾವೇ ಹುಡುಕಿದರು. "ಇದು ಕುಂಕುಮದ್ ದಿನದ್ದು" ಎಂದು ಆ ಕಡ್ಡಿಗಳನ್ನು ಬೇರೆ ಇಡಿಸಿ, ನನ್ನತ್ತ ತಿರುಗಿದರು. "ಇಲ್ ಬಾ. ನಿನ್ ಮಕ ನೋಡ್ಬೇಕು."

ಫೋನನ್ನು ನನ್ನ ಮುಖಕ್ಕೆ ಹಿಡಿದರು. ಒಂದು ತಿಂಗಳಿನಿಂದ ಆಕೆಗೆ ನಾನು ಬರೀ ಒಂದು ದನಿಯಾಗಿದ್ದೆ ಎನ್ನುವುದು ಆಗ ನೆನಪಾಯಿತು. ಕಪಾಟಿನಿಂದ ಸೀರೆ ಆರಿಸುವವರಂತೆ ನಿಧಾನವಾಗಿ ನೋಡಿದರು.

"ದನಿ ಕೇಳುದ್ರೆ ದಪ್ಪಕಿದ್ದೀಯ ಅನ್ಕಂಡಿದ್ದೆ," ಎಂದರು. "ಹಣೇಲೇನೂ ಇಲ್ವಲ್ಲ."

ಬ್ಯಾರನ್ ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುವಾಗ ಸ್ಟಿಕ್ಕರ್ ಬಿದ್ದುಹೋಗಿತ್ತು. ಸೊಸೆಯನ್ನು ಕೂಗಿ ಕುಂಕುಮದ ಭರಣಿ ತರಿಸಿದರು. ಸೊಸೆ ಮುಚ್ಚಳ ತೆಗೆದು, ತಾನೇ ಇಡುವುದೆಂದುಕೊಂಡು ಬೆರಳು ಮುಂದೆ ತಂದಳು. ಬ್ಯಾರನ್ನಮ್ಮ ಭರಣಿಯನ್ನು ಅವಳ ಕೈಯಿಂದ ತೆಗೆದುಕೊಂಡರು. ಮೈದುನ ಒಮ್ಮೆ ಈ ಕಡೆ ನೋಡಿ, ಮತ್ತೆ ಎಲೆಯ ಕಡೆಗೆ ತಿರುಗಿಕೊಂಡರು. ಆಕೆ ಉಂಗುರದ ಬೆರಳನ್ನು ಭರಣಿಯಲ್ಲಿ ಅದ್ದಿ, ಎಡಗೈಯಿಂದ ನನ್ನ ಗಲ್ಲ ಹಿಡಿದುಕೊಂಡು, ನನ್ನ ಹಣೆಗೆ ಕುಂಕುಮ ಇಟ್ಟರು. ಬೆರಳು ಒರಟಾಗಿತ್ತು, ಬೆಚ್ಚಗಿತ್ತು.

"ಮಧ್ಯಕ್ ಬಂತಾ?"

ಸೊಸೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಕೂದಲೆಳೆಯಷ್ಟೂ ಆಚೀಚೆ ಇಲ್ಲ ಅಮ್ಮ," ಎಂದೆ ನಾನು.

"ಕುಂಕುಮದ್ ವಿಷ್ಯದಲ್ ನಿನ್ ಮಾತು ನಂಬಂಗಿಲ್ಲ," ಎಂದು ಅವರು ಮತ್ತೆ ಫೋನು ಎತ್ತಿದರು. ಗಲ್ಲದಿಂದ ಶುರು ಮಾಡಿ, ತುಟಿ ದಾಟಿ, ಮೂಗಿನ ಗೆರೆ ಹಿಡಿದುಕೊಂಡು ಮೇಲೆ ಹತ್ತಿ, ಹಣೆಗೆ ಬಂದು ನಿಂತರು. ಪಕ್ಕದ ಗುಂಡಿ ಒತ್ತಿ ಚಿತ್ರ ನಿಲ್ಲಿಸಿಕೊಂಡು, ಈಚೆಗೆ ಸರಿದು ಹೊಂಗೆ ಮರದ ನೆರಳಿನ ಕಲ್ಲಿನ ಮೇಲೆ ಕುಳಿತು, ತಲೆಯನ್ನು ಒಂದಿಷ್ಟು ಪಕ್ಕಕ್ಕೆ ಹೊರಳಿಸಿ ಬಹಳ ಹೊತ್ತು ನೋಡಿದರು.

"ಹೂಂ," ಎಂದರು. "ಸರ್ಯಾಗದೆ."